0.76 ಮಿಲಿಮೀಟರ್ ಕೊಟ್ಟ ಕಾಟ: ಆರ್‌ಸಿ ಬೋಟಿಗೆ ಹೊಂದದ ಶಾಫ್ಟ್ ಕೂರಿಸಿದ ಕಥೆ

ನನ್ನ ರೇಡಿಯೊ ಕಂಟ್ರೋಲ್ ಬೋಟ್ ಈಗ ನೆಟ್ಟಗೆ ಓಡುತ್ತಿದೆ. ಮೋಟರ್‌ನಿಂದ ಪ್ರೊಪೆಲ್ಲರ್‌ವರೆಗೆ ಇರುವುದು ಒಂದಡಿ ಉದ್ದದ ಸಾಮಾನು, ಅಷ್ಟೇ. ಆದರೆ ರಿಸೀವರ್, ಬ್ಯಾಟರಿ, ಇಎಸ್‌ಸಿ (ಮೋಟರ್ ವೇಗ ನಿಯಂತ್ರಿಸುವ ಸಾಧನ), ರಡ್ಡರ್ ಎಲ್ಲ ಜೋಡಿಸುವುದಕ್ಕೆ ಹಿಡಿದದ್ದಕ್ಕಿಂತ ಜಾಸ್ತಿ ಸಮಯವನ್ನು ಈ ಒಂದಡಿಯೇ ತಿಂದುಹಾಕಿತು. ನಿಮ್ಮ ಹತ್ತಿರವೂ ಒಂದೊಂದು ಕಡೆಯಿಂದ ಬಂದ ಒಂದೊಂದು ಭಾಗ ಇದ್ದರೆ, ಇನ್ನೊಂದು ಪಾರ್ಸೆಲ್ ತರಿಸುವ ಮೊದಲು ಇದನ್ನು ಓದಿ.

ಮೊದಲು ಸಾಲಿನಲ್ಲಿ ಏನೇನಿದೆ ಅಂತ ಹೇಳಿಬಿಡುತ್ತೇನೆ. ಮೋಟರ್ ಶಾಫ್ಟಿಗೆ ಕಪ್ಲರ್, ಅಂದರೆ ಎರಡು ಶಾಫ್ಟ್ ಕೂಡಿಸುವ ಭಾಗ. ಕಪ್ಲರ್‌ನಿಂದ ಹಿಂದಕ್ಕೆ ಫ್ಲೆಕ್ಸ್ ಕೇಬಲ್, ಅಂದರೆ ಉಕ್ಕಿನ ತಂತಿಗಳನ್ನು ಪದರ ಪದರವಾಗಿ ಹೊಸೆದು ಮಾಡಿದ, ಬಾಗುವ ಶಾಫ್ಟ್. ಅದು ಬೋಟಿನ ತಳದಲ್ಲಿ ಎಪಾಕ್ಸಿ ಹಾಕಿ ಕೂರಿಸಿದ ಹಿತ್ತಾಳೆ ಟ್ಯೂಬಿನೊಳಗೆ ಹೋಗುತ್ತದೆ. ಕೇಬಲ್ಲಿನ ಹಿಂದಿನ ತುದಿಗೆ ಒಂದು ಗಟ್ಟಿ ಸ್ಟಬ್ ಶಾಫ್ಟ್ ಅಂಟಿಕೊಂಡಿರುತ್ತದೆ. ಆ ಸ್ಟಬ್ಬನ್ನು ಹಿಡಿಯುವುದು ಬೋಟಿನ ಹಿಂಬದಿಯಲ್ಲಿರುವ ಸ್ಟ್ರಟ್ ಅನ್ನುವ ಆಧಾರ ಮತ್ತು ಅದರೊಳಗಿನ ಬುಶ್, ಅಂದರೆ ಶಾಫ್ಟ್ ತಿರುಗುವ ಸಣ್ಣ ಕೊಳವೆ. ಸ್ಟ್ರಟ್ಟಿನ ಆಚೆ ಪ್ರೊಪೆಲ್ಲರನ್ನು ಹಲ್ಲಿನಿಂದ ಹಿಡಿದು ತಿರುಗಿಸುವ ಡ್ರೈವ್ ಡಾಗ್, ಪ್ರೊಪೆಲ್ಲರ್, ಕೊನೆಗೆ ನಟ್. ಇದರಲ್ಲಿ ಯಾವ ಎರಡು ಭಾಗ ಮುಟ್ಟಿಕೊಂಡರೂ ಅಲ್ಲೊಂದು ಅಳತೆ ಹೊಂದಬೇಕು. ಹೊಂದದೆ ಇರುವುದಕ್ಕೆ ಕಾರಣವೂ ಗೊತ್ತಿರುವುದೇ. ಅರ್ಧ ಜಗತ್ತು ಈ ಸಾಮಾನನ್ನು ಇಂಚಿನಲ್ಲಿ ಮಾಡುತ್ತದೆ, ಇನ್ನರ್ಧ ಮಿಲಿಮೀಟರ್‌ನಲ್ಲಿ.

ನನ್ನ ಬೋಟ್ ಸೆಕೆಂಡ್ ಹ್ಯಾಂಡ್. ಫೈಬರ್‌ಗ್ಲಾಸ್ ಬಾಡಿ, ಟ್ಯೂಬ್, ಸ್ಟ್ರಟ್ ಇದ್ದವು. ಮೋಟರ್, ಕೇಬಲ್ ಇರಲಿಲ್ಲ. ಹಿಂದಿನ ಮಾಲೀಕರು ಒಂದು ಪ್ಲಾಸ್ಟಿಕ್ ಕವರಿನಲ್ಲಿ ಪ್ರೊಪೆಲ್ಲರ್, ಡ್ರೈವ್ ಡಾಗ್, ಒಂದಷ್ಟು ನಟ್ ಹಾಕಿ ಕೊಟ್ಟರು. ಇವೆಲ್ಲ ಇಂಚಿನವು. ಟ್ಯೂಬಿನ ಹೊರ ಅಳತೆ ಕಾಲಿಂಚು, ಅಂದರೆ 6.35 ಮಿ.ಮೀ. ಸ್ಟ್ರಟ್ ಬುಶ್ಶಿನ ತೂತು ಮತ್ತು ಪ್ರೊಪೆಲ್ಲರ್ ತೂತು 3/16 ಇಂಚು, ಅಂದರೆ 4.76 ಮಿ.ಮೀ. ನನ್ನ ಹತ್ತಿರ ಮೊದಲೇ ಇದ್ದ ಬ್ರಶ್‌ಲೆಸ್ ಮೋಟರ್ 3660 ಅನ್ನುವ ಸೈಜು. 36 ಮಿ.ಮೀ. ದಪ್ಪ, 60 ಮಿ.ಮೀ. ಉದ್ದ, ಶಾಫ್ಟ್ 5 ಮಿ.ಮೀ. ಕಪ್ಲರ್ ಒಂದು ಕಡೆ 5, ಇನ್ನೊಂದು ಕಡೆ 4.76 ಇರುವುದು ಸಿಕ್ಕಿತು. ಉಳಿದದ್ದು ಕೇಬಲ್ ಒಂದೇ. ಮಾರುವವರ ಪುಟದಲ್ಲಿ “3/16 ಇಂಚು ಅಥವಾ 4 ಮಿ.ಮೀ. ಬೋಟುಗಳಿಗೆ” ಅಂತ ಬರೆದಿತ್ತು. ಆ “ಅಥವಾ” ನೋಡಿ ನನಗೂ ಸಣ್ಣ ಅನುಮಾನ ಬಂತು. ಆದರೆ ಸ್ಟಾಕ್ ಇದ್ದದ್ದು ಅದೊಂದೇ.

ಪಾರ್ಸೆಲ್ ಬರುವುದಕ್ಕೆ ವಾರಗಟ್ಟಲೆ ಕಾದೆ. ಬಿಚ್ಚಿ ನೋಡಿದರೆ ಎಲ್ಲವೂ 4 ಮಿ.ಮೀ. ಕೇಬಲ್ 4, ಸ್ಟಬ್ 4, ತುದಿಯ ಥ್ರೆಡ್ ಎಂ4. ಜೊತೆಗೆ ಅದಕ್ಕೆ ತಕ್ಕ ಡಾಗ್ ಮತ್ತು ನಟ್. ಸ್ಟಬ್ಬನ್ನು ಸ್ಟ್ರಟ್ಟಿಗೆ ತೂರಿಸಿದೆ. ಲಟಲಟ ಅಲ್ಲಾಡಿತು. ಪ್ರೊಪೆಲ್ಲರ್ ಅದರ ಮೇಲೆ ಬಳೆಯ ಹಾಗೆ ತೂಗಾಡಿತು. ಎತ್ತು ಏರಿಗೆ, ಕೋಣ ನೀರಿಗೆ.

ವ್ಯತ್ಯಾಸ 0.76 ಮಿ.ಮೀ. ಕೇಳುವುದಕ್ಕೆ ಏನೂ ಅಲ್ಲ ಅಲ್ವಾ? ಪ್ರೊಪೆಲ್ಲರ್ ಒಂದು ಕಡೆಗೆ ಒರಗಿ ಬಿಗಿಯಾದರೆ ಅದರ ನಡುವು ಶಾಫ್ಟಿನ ನಡುವಿನಿಂದ 0.38 ಮಿ.ಮೀ. ಆಚೆ ಹೋಗುತ್ತದೆ. ನನ್ನ ಮೋಟರ್ 2000 ಕೆವಿ, ಅಂದರೆ ಒಂದು ವೋಲ್ಟಿಗೆ ನಿಮಿಷಕ್ಕೆ 2000 ಸುತ್ತು; ಬ್ಯಾಟರಿ 11.1 ವೋಲ್ಟ್. ಗುಣಿಸಿದರೆ ಲೋಡ್ ಇಲ್ಲದೆ ನಿಮಿಷಕ್ಕೆ 22,200 ಸುತ್ತು, ಸೆಕೆಂಡಿಗೆ 370. ನೀರಿನಲ್ಲಿ ಇಷ್ಟು ಇರುವುದಿಲ್ಲ, ಕಮ್ಮಿಯಾಗುತ್ತದೆ. ಆದರೂ ಸೆಕೆಂಡಿಗೆ ನೂರಾರು ಸಲ ಒಂದು ಲೋಹದ ತುಂಡು ಓರೆಯಾಗಿ ಸುತ್ತಿದರೆ ಮೊದಲು ಬುಶ್ ಹೋಗುತ್ತದೆ, ಆಮೇಲೆ ಸ್ಟಬ್ ಮತ್ತು ಕೇಬಲ್ ಸೇರುವ ಬೆಸುಗೆ ಹೋಗುತ್ತದೆ. ಬೆಸುಗೆ ಹೋದರೆ ಪ್ರೊಪೆಲ್ಲರ್ ಸಮೇತ ನೀರು ಪಾಲು.

ಮಾರಿದವರಿಗೆ ಬರೆದೆ. “ಎರಡೂ ಹೆಚ್ಚು ಕಮ್ಮಿ ಒಂದೇ, ಸ್ವಲ್ಪ ಬಿಗಿ ಮಾಡಿ” ಅಂತ ಉತ್ತರ ಬಂತು. ದಪ್ಪ ಅಳೆಯುವ ಕ್ಯಾಲಿಪರ್ ಹಿಡಿದು ಫೋಟೊ ತೆಗೆದು ಕಳಿಸಿದ ಮೇಲೆ ವಾಪಸು ತಗೊಳ್ಳುವುದಕ್ಕೆ ಒಪ್ಪಿದರು, ಆದರೆ ಕಳಿಸುವ ಖರ್ಚು ನನ್ನದಂತೆ. ಆ ಖರ್ಚು ಕೇಬಲ್ಲಿನ ಬೆಲೆಗಿಂತ ಜಾಸ್ತಿ. ಬಿಟ್ಟೆ. ನೀವು ಇಂಥ ಜಾಗದಲ್ಲಿ ಸಿಕ್ಕಿದರೆ ಒಂದು ಕೆಲಸ ಮಾಡಿ. ಕವರ್ ಹರಿಯುವ ಮೊದಲೇ ಅದರ ಮೇಲಿನ ಚೀಟಿ ಮತ್ತು ಒಳಗಿನ ಭಾಗ ಎರಡೂ ಕಾಣುವ ಹಾಗೆ ಫೋಟೊ ತೆಗೆದಿಡಿ. ಕ್ಯಾಲಿಪರ್‌ನ ಅಂಕಿ ಫೋಟೊದಲ್ಲಿ ಇದ್ದರೆ ಮಾತು ಬೇಗ ಮುಗಿಯುತ್ತದೆ.

ಅಳೆಯುವುದರ ಬಗ್ಗೆ ಒಂದು ಮಾತು. ಶಾಫ್ಟ್ ಅಳೆಯುವುದಕ್ಕೆ ಡಿಜಿಟಲ್ ಕ್ಯಾಲಿಪರ್ ಸಾಕು. ತೂತು ಅಳೆಯುವುದಕ್ಕೆ ಅದನ್ನು ನಂಬಬೇಡಿ. ಕ್ಯಾಲಿಪರ್‌ನ ಒಳ ಅಳತೆಯ ಬಾಯಿಗೆ ಸಣ್ಣ ಚಪ್ಪಟೆ ಅಂಚು ಇರುತ್ತದೆ. ನಾಲ್ಕೈದು ಮಿಲಿಮೀಟರ್ ತೂತಿನಲ್ಲಿ ಅದು ಪೂರ್ತಿ ಅಗಲಕ್ಕೆ ಹೋಗಿ ಮುಟ್ಟುವುದಿಲ್ಲ, ಅಳತೆ ಕಮ್ಮಿ ತೋರಿಸುತ್ತದೆ. ನನ್ನದು ಪ್ರೊಪೆಲ್ಲರ್ ತೂತನ್ನು 4.6 ಅಂತ ತೋರಿಸಿತು. ಅದರ ಬದಲು ಡ್ರಿಲ್ ಬಿಟ್‌ಗಳ ಹಿಂಬದಿಯ ನಯವಾದ ಭಾಗವನ್ನು ತೂರಿಸಿ ನೋಡಿ. 4.7 ಹೋಗಿ 4.8 ಹೋಗದಿದ್ದರೆ ಅದು 3/16. ಬಿಟ್‌ನ ದಪ್ಪವನ್ನೂ ಕ್ಯಾಲಿಪರ್‌ನಲ್ಲಿ ಒಮ್ಮೆ ನೋಡಿಕೊಳ್ಳಿ, ಬಿಟ್ ಮೇಲೆ ಕೆತ್ತಿದ್ದನ್ನೇ ನಂಬಬೇಡಿ.

ಕೇಬಲ್ ಕೈಯಲ್ಲಿದೆ, ವಾಪಸು ಹೋಗುವುದಿಲ್ಲ. ಹಾಗಾಗಿ ಖಾಲಿ ಜಾಗ ತುಂಬುವುದಕ್ಕೆ ತೋಳು, ಅಂದರೆ ಸ್ಲೀವ್ ಹಾಕಿ ನೋಡೋಣ ಅಂತ ಹೊರಟೆ. ಇಲ್ಲಿ ಅದೃಷ್ಟ ಕೈ ಹಿಡಿಯಿತು. ಮಾಡೆಲ್ ಮಾಡುವವರು ಬಳಸುವ ಕೆ ಅಂಡ್ ಎಸ್ ಕಂಪನಿಯ ಹಿತ್ತಾಳೆ ಟ್ಯೂಬುಗಳು ಒಂದರೊಳಗೊಂದು ಜಾರುವ ಹಾಗೆ ಬರುತ್ತವೆ. ಪ್ರತಿ ಸೈಜು ಮುಂದಿನದಕ್ಕಿಂತ 1/32 ಇಂಚು ಕಮ್ಮಿ, ಗೋಡೆಯ ದಪ್ಪ 0.014 ಇಂಚು, ಅಂದರೆ 0.36 ಮಿ.ಮೀ. 3/16 ಇಂಚಿನ ಟ್ಯೂಬಿನಿಂದ ಎರಡು ಕಡೆಯ ಗೋಡೆ ಕಳೆದರೆ ಒಳ ಅಳತೆ 4.05 ಮಿ.ಮೀ. ಉಳಿಯುತ್ತದೆ. ನನ್ನ ಸ್ಟಬ್ 3.98. ಹೊರಗೆ 4.76, ಒಳಗೆ 4.05. ಬೇಕಾದ ಸ್ಲೀವನ್ನು ಯಾರೋ ಮೊದಲೇ ಮಾಡಿಟ್ಟ ಹಾಗಾಯಿತು.

ಪ್ರೊಪೆಲ್ಲರ್‌ನ ಸ್ಲೀವಿನಿಂದ ಶುರು ಮಾಡಿದೆ. ಟ್ಯೂಬನ್ನು ಟ್ಯೂಬ್ ಕಟರ್‌ನಲ್ಲಿ ಕತ್ತರಿಸಿದರೆ ಅಂಚು ಒಳಕ್ಕೆ ಮಡಚಿಕೊಳ್ಳುತ್ತದೆ, ಶಾಫ್ಟ್ ಹೋಗುವುದೇ ಇಲ್ಲ. ಬ್ಲೇಡನ್ನು ಮೇಲಿಟ್ಟು ಟ್ಯೂಬನ್ನು ಮೇಜಿನ ಮೇಲೆ ಹಿಂದೆ ಮುಂದೆ ಉರುಳಿಸಿದರೂ ಅದೇ ಕಥೆ. ನಾನು ಸಣ್ಣ ಕಟಿಂಗ್ ಡಿಸ್ಕಿನಲ್ಲಿ ಕತ್ತರಿಸಿ, 4 ಮಿ.ಮೀ. ಡ್ರಿಲ್ ಬಿಟ್ಟನ್ನು ಕೈಯಲ್ಲೇ ತಿರುಗಿಸಿ ಒಳಗಿನ ಸಿಬಿರು ತೆಗೆದೆ. ಹೊರ ಅಂಚನ್ನು ನೀರು ಹಾಕಿ ಉಜ್ಜುವ 600ರ ಕಾಗದದಿಂದ ನಯ ಮಾಡಿದೆ. ಉದ್ದ ಪ್ರೊಪೆಲ್ಲರ್ ತೂತಿಗಿಂತ ಒಂದು ಕೂದಲೆಳೆ ಕಮ್ಮಿ ಇರಬೇಕು. ಉದ್ದ ಜಾಸ್ತಿಯಾದರೆ ನಟ್ ಸ್ಲೀವನ್ನು ಬಿಗಿಯುತ್ತದೆ, ಪ್ರೊಪೆಲ್ಲರ್ ಸಡಿಲವಾಗಿಯೇ ಉಳಿಯುತ್ತದೆ. ಎರಡೂ ತುದಿಯನ್ನು ಗಾಜಿನ ಮೇಲೆ ಕಾಗದ ಹಾಸಿ ಉಜ್ಜಿ, ಪದೇ ಪದೇ ತೂರಿಸಿ ನೋಡಿ ಸರಿ ಮಾಡಿದೆ. ಕೊನೆಗೆ ಕೂತಾಗ ಅಲುಗಾಟವೇ ಇಲ್ಲ. ಬೆರಳಿನಿಂದ ತಿರುಗಿಸಿದರೆ ರೆಕ್ಕೆಯ ತುದಿ ಒಂದೇ ಗೆರೆಯಲ್ಲಿ ಓಡಿತು. ತುಂಬಾ ಖುಷಿಯಾಯಿತು.

ನಿಮ್ಮದು ಇದರ ಉಲ್ಟಾ ಇದ್ದರೆ, ಅಂದರೆ ಶಾಫ್ಟ್ ದಪ್ಪ, ಪ್ರೊಪೆಲ್ಲರ್ ತೂತು ಸಣ್ಣದು ಆಗಿದ್ದರೆ, ತೂತನ್ನು ದೊಡ್ಡದು ಮಾಡಬೇಕು. ಅದಕ್ಕೆ ರೀಮರ್, ಅಂದರೆ ತೂತನ್ನು ನೇರವಾಗಿ ಸ್ವಲ್ಪ ಸ್ವಲ್ಪವೇ ದೊಡ್ಡದು ಮಾಡುವ ಉಪಕರಣ ಬೇಕು. ಕೈ ಡ್ರಿಲ್ಲಿನಲ್ಲಿ ಮಾಡಿದರೆ ತೂತು ಓರೆಯಾಗುತ್ತದೆ. ಇನ್ನೊಂದು ವಿಷಯ, ಇದು ಆಟದ ಮಾತಲ್ಲ. ಆಕ್ಟುರಾ ಥರದ ಒಳ್ಳೆಯ ರೇಸಿಂಗ್ ಪ್ರೊಪೆಲ್ಲರ್‌ಗಳು ಬೆರಿಲಿಯಂ ತಾಮ್ರದವು. ಅದರ ಪುಡಿ ಶ್ವಾಸಕೋಶಕ್ಕೆ ಕೆಟ್ಟದ್ದು. ಉಜ್ಜುವುದು, ಕೊರೆಯುವುದು ಏನೇ ಇದ್ದರೂ ನೀರು ಅಥವಾ ಎಣ್ಣೆ ಹಾಕಿಕೊಂಡು, ಮಾಸ್ಕ್ ಹಾಕಿಕೊಂಡು ಮಾಡಿ. ಒಣಗಿದ ಪುಡಿಯನ್ನು ಊದಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ ಎಸೆಯಿರಿ.

ಸ್ಟ್ರಟ್ಟಿಗೂ ಅದೇ ಟ್ಯೂಬಿನ ಉದ್ದದ ತುಂಡು ಹಾಕಿದೆ. ಬುಶ್ಶಿನೊಳಗೆ ಸ್ವಲ್ಪ ಬಿಗಿಯಾಗಿಯೇ ಹೋಯಿತು. ಹೊರಬರದಿರಲಿ ಅಂತ ಬೇರಿಂಗ್ ಹಿಡಿಸುವ ಅಂಟು ಒಂದು ಹನಿ. ಹಿತ್ತಾಳೆಯೊಳಗೆ ಉಕ್ಕು ಗ್ರೀಸ್ ಹಾಕಿದರೆ ಚೆನ್ನಾಗಿಯೇ ತಿರುಗುತ್ತದೆ. ಕೇಬಲ್ ಜೊತೆ ಬಂದ ಬಿಳಿ ಟೆಫ್ಲಾನ್ ಕೊಳವೆ ಹೊರಗಡೆ 5 ಮಿ.ಮೀ. ಆಸುಪಾಸು ಇತ್ತು. ಬೋಟಿನ ಕಾಲಿಂಚು ಟ್ಯೂಬಿನ ಒಳ ಅಳತೆ 5.64. ಸಲೀಸಾಗಿ ಜಾರಿತು. ಇಡೀ ಸಾಲಿನಲ್ಲಿ ತಾನಾಗಿಯೇ ಹೊಂದಿದ್ದು ಇದೊಂದೇ.

ಡ್ರೈವ್ ಡಾಗ್ ನಾನು ಅಂದುಕೊಳ್ಳದ ಕಡೆ ಕೈ ಕೊಟ್ಟಿತು. 4 ಮಿ.ಮೀ. ಶಾಫ್ಟಿಗೆ 4 ಮಿ.ಮೀ. ಡಾಗ್, ಅದರಲ್ಲೇನೂ ತಕರಾರಿಲ್ಲ. ಆದರೆ ಡಾಗಿನ ಎರಡು ಹಲ್ಲು ಪ್ರೊಪೆಲ್ಲರ್‌ನ ಕಚ್ಚಿಗೆ ಕೂರಬೇಕಲ್ಲ, ಅವು ದಪ್ಪ ಇದ್ದವು. ಒಂದೊಂದು ತಯಾರಕರ ಕಚ್ಚಿನ ಅಗಲ ಒಂದೊಂದು. ಇಲ್ಲಿ ಅರ ಹಾಕಬೇಕಾದ್ದು ಡಾಗಿಗೆ, ಪ್ರೊಪೆಲ್ಲರ್‌ಗಲ್ಲ. ಡಾಗ್ ಕಾಸಿನ ಸಾಮಾನು, ಪ್ರೊಪೆಲ್ಲರ್ ಅಲ್ಲ. ಮೇಲಾಗಿ ಪ್ರೊಪೆಲ್ಲರ್‌ನಿಂದ ಒಂದು ಕಡೆ ಲೋಹ ತೆಗೆದರೆ ಅದರ ಬ್ಯಾಲೆನ್ಸ್ ಕೆಡುತ್ತದೆ. ಎರಡೂ ಹಲ್ಲನ್ನು ಸಮವಾಗಿ ಉಜ್ಜಿ, ಕಚ್ಚಿನ ತಳಕ್ಕೆ ಪೂರ್ತಿ ಮುಟ್ಟುತ್ತದೋ ಇಲ್ಲವೋ ಅಂತ ಮಾರ್ಕರ್ ಶಾಯಿ ಬಳಿದು ನೋಡಿದೆ. ಒಂದೇ ಹಲ್ಲು ಮುಟ್ಟುತ್ತಿದ್ದರೆ ಎಲ್ಲ ಭಾರ ಅದರ ಮೇಲೇ ಬೀಳುತ್ತದೆ, ಹಾಗಾಗಿ ಈ ಶಾಯಿ ಪರೀಕ್ಷೆ ಬಿಡಬೇಡಿ.

ಉಳಿದದ್ದು ಕಪ್ಲರ್. ನನ್ನ ಕಪ್ಲರ್‌ನೊಳಗೆ ಕೋಲೆಟ್ ಇದೆ. ಸೀಳಿರುವ ಶಂಕುವಿನಾಕಾರದ ತುಂಡು, ನಟ್ ತಿರುಗಿಸಿದರೆ ಅದು ಮುಚ್ಚಿಕೊಂಡು ಕೇಬಲ್ಲನ್ನು ಹಿಡಿಯುತ್ತದೆ. 4.76ಕ್ಕೆ ಮಾಡಿದ ಕೋಲೆಟ್ 4ರವರೆಗೆ ಮುಚ್ಚುವುದಿಲ್ಲ. ಇಲ್ಲಿಗೂ ಸ್ಲೀವೇ ಗತಿ. ಆದರೆ ಇಡಿಯಾದ ಟ್ಯೂಬ್ ತುಂಡು ಹಾಕಿದರೆ ಹಿಡಿತವೆಲ್ಲ ಟ್ಯೂಬಿಗೆ ಹೋಗುತ್ತದೆ, ಒಳಗಿನ ಕೇಬಲ್ ಆರಾಮಾಗಿ ಸುತ್ತುತ್ತಿರುತ್ತದೆ. ಅದಕ್ಕೆ ಸ್ಲೀವನ್ನು ಉದ್ದಕ್ಕೆ ಸೀಳಬೇಕು. ಸೀಳಿ, ಕೇಬಲ್ಲಿನ ಎಣ್ಣೆ ಜಿಡ್ಡೆಲ್ಲ ಸ್ಪಿರಿಟ್‌ನಲ್ಲಿ ತೆಗೆದು, ಎರಡು ಸ್ಪ್ಯಾನರ್ ಹಿಡಿದು ಬಿಗಿದೆ. ಇದು ನಿಲ್ಲುತ್ತದಾ ಅನ್ನುವ ಅನುಮಾನ ಇದ್ದೇ ಇತ್ತು. ಬೋಟ್ ಓಡಿಸುವ ಗೆಳೆಯನಿಗೆ ಫೋನ್ ಮಾಡಿದೆ. “ನಿಲ್ಲಲ್ಲ ಅಂತ ನಾನು ಹೇಳಿದ್ರೆ ನೀನು ಕೇಳಲ್ಲ. ಕೇಬಲ್ ಮೇಲೂ ಕಪ್ಲರ್ ಮೇಲೂ ಸೇರಿಸಿ ಮಾರ್ಕರ್‌ನಲ್ಲಿ ಒಂದು ಗೆರೆ ಎಳಿ. ಓಡಿಸಿ ಬಂದು ಗೆರೆ ನೋಡು, ನಿಂಗೇ ಗೊತ್ತಾಗುತ್ತೆ” ಅಂದ.

ಅರ್ಧ ಥ್ರಾಟಲ್‌ನಲ್ಲಿ ಬೋಟ್ ಚಂದ ಓಡಿತು. ಸದ್ದು ಕಮ್ಮಿ, ನಡುಕ ಇಲ್ಲ. ದೊಡ್ಡದೊಂದು ಸುತ್ತು ಹಾಕಿಸಿ ಪೂರ್ತಿ ಥ್ರಾಟಲ್ ಕೊಟ್ಟೆ. ಮೋಟರ್ ಕಿರ್ ಅಂತ ಚೀರಿತು, ಬೋಟ್ ಮಾತ್ರ ನಿಧಾನವಾಗುತ್ತಾ ನಿಂತುಬಿಟ್ಟಿತು. ನೀರಿನ ನಡುವೆ. ಗಾಳಿ ದಡಕ್ಕೆ ತಳ್ಳಲಿ ಅಂತ ಕಾಯುತ್ತಾ ಕೂತೆ. ಗಾಳಿಗೆ ಬೇರೆ ಕೆಲಸ ಇತ್ತು. ಕೊನೆಗೆ ಮೀನು ಹಿಡಿಯುವ ಗಾಳದ ದಾರಕ್ಕೆ ಟೆನಿಸ್ ಚೆಂಡು ಕಟ್ಟಿ ಬೋಟಿನ ಆಚೆಗೆ ಎಸೆದು, ದಾರವನ್ನು ಬೋಟಿಗೆ ಸಿಕ್ಕಿಸಿ ಎಳೆದುಕೊಂಡೆ. ಆ ಚೆಂಡು ಈಗ ನನ್ನ ಪೆಟ್ಟಿಗೆಯ ಕಾಯಂ ಸದಸ್ಯ. ನೀವೂ ಒಂದು ಇಟ್ಟುಕೊಳ್ಳಿ.

ಗೆರೆ ನೋಡಿದೆ. ಕಪ್ಲರ್ ಮೇಲಿನ ಅರ್ಧ ಒಂದು ಕಡೆ, ಕೇಬಲ್ ಮೇಲಿನ ಅರ್ಧ ಇನ್ನೊಂದು ಕಡೆ. ಸೀಳಿದ ಸ್ಲೀವ್ ಒಳಗೆ ಕನ್ನಡಿಯ ಹಾಗೆ ಹೊಳೆಯುತ್ತಿತ್ತು, ಅಷ್ಟು ಉಜ್ಜಿತ್ತು ಕೇಬಲ್. ಹಿಂದಿನ ಎರಡು ಸ್ಲೀವ್ ಮಾತ್ರ ಕೂತ ಹಾಗೇ ಇದ್ದವು.

ಇದರಿಂದ ಒಂದು ವಿಷಯ ಸ್ಪಷ್ಟವಾಯಿತು. ಸ್ಲೀವ್ ಬರೀ ನಡುವನ್ನು ಸರಿಪಡಿಸುವ ಕಡೆ ಇದ್ದರೆ ಕೆಲಸ ಮಾಡುತ್ತದೆ. ಪ್ರೊಪೆಲ್ಲರ್‌ನಲ್ಲಿ ತಿರುಗಿಸುವ ಬಲ ಡಾಗಿನ ಹಲ್ಲಿನಿಂದ ಹೋಗುತ್ತದೆ, ಸ್ಲೀವಿಗೆ ಬಲದ ಕೆಲಸವಿಲ್ಲ. ಕಪ್ಲರ್‌ನಲ್ಲಿ ಬಲವೆಲ್ಲ ಸ್ಲೀವಿನ ಮೂಲಕವೇ ಹೋಗಬೇಕು. ಅಲ್ಲಿ ಎಷ್ಟು ಬಿಗಿದರೂ ಸುಮ್ನೆ. 4 ಮಿ.ಮೀ. ಹಿಡಿಯುವ ಕಪ್ಲರ್ ತರಿಸಬಹುದಿತ್ತು, ಅಲ್ಲಿಗೆ ಸಮಸ್ಯೆ ಮುಗಿಯುತ್ತಿತ್ತು. ಆದರೆ ಆಗ ಎರಡು ಸ್ಲೀವ್, ಅರ ಹಾಕಿದ ಡಾಗ್, ಎಲ್ಲ ಹಾಗೇ ಉಳಿಯುತ್ತವೆ. ಪ್ರೊಪೆಲ್ಲರ್ ಬದಲಿಸಿದಾಗಲೆಲ್ಲ ಹೊಸ ಸ್ಲೀವ್ ಕತ್ತರಿಸುತ್ತಾ ಕೂರಬೇಕು. ನನ್ನ ಹತ್ತಿರ ಇರುವ ಪ್ರೊಪೆಲ್ಲರ್‌ಗಳೆಲ್ಲ 3/16. ಹಾಗಾಗಿ ಕಪ್ಲರ್‌ನಿಂದ ಹಿಂದಕ್ಕೆ ಎಲ್ಲವೂ 3/16, ಅಳತೆ ಬದಲಾಗುವುದು ಕಪ್ಲರ್ ಒಂದರಲ್ಲೇ ಅಂತ ತೀರ್ಮಾನಿಸಿದೆ. ಎರಡು ಅಳತೆಯನ್ನು ಕೂಡಿಸುವುದಕ್ಕೆಂದೇ ಹುಟ್ಟಿದ ಭಾಗ ಅದು. ಬೇರೆ ಯಾವುದೂ ಅಲ್ಲ.

ಈ ಸಲ ಬೇರೆ ಕಡೆ ಕೇಳಿದೆ, ದುಡ್ಡು ಕೊಡುವ ಮೊದಲೇ ಪ್ರಶ್ನೆ ಕಳಿಸಿದೆ. ಕೇಬಲ್ ದಪ್ಪ ಎಷ್ಟು, ಸ್ಟಬ್ ದಪ್ಪ ಎಷ್ಟು, ಸ್ಟಬ್ ಉದ್ದ ಎಷ್ಟು, ಥ್ರೆಡ್ ಯಾವುದು, ಮೋಟರ್ ಕಡೆಯ ತುದಿ ದುಂಡಗಿದೆಯಾ ಚೌಕವಾ. “5 ಮಿ.ಮೀ.” ಅಂತ ಹೆಸರಿಟ್ಟ ಕೇಬಲ್ ನಿಜವಾಗಿ 4.76 ಅಂತ ಉತ್ತರ ಬಂತು. ನೋಡಿ, ಕೇಳದೆ ಇದ್ದಿದ್ದರೆ ಬೇಕಾದ್ದನ್ನೇ ಬೇಡ ಅಂತ ಬಿಟ್ಟುಬಿಡುತ್ತಿದ್ದೆ. ಕೇಬಲ್ಲಿಗಿಂತ ಸಾಗಾಟದ ಖರ್ಚು ಜಾಸ್ತಿಯಾಯಿತು. ಹೇಗೂ ಕೊಡುತ್ತಿದ್ದೇನಲ್ಲ ಅಂತ ಒಂದು ಹೆಚ್ಚುವರಿ ಬುಶ್, ಎರಡು ಡಾಗ್, ನಟ್‌ಗಳನ್ನೂ ಅದೇ ಪಾರ್ಸೆಲ್ಲಿಗೆ ಸೇರಿಸಿದೆ. ಮತ್ತೆ ಕಾಯುವಿಕೆ. ಈ ನಡುವೆ ಬೋಟ್ ಮೇಜಿನ ಮೇಲೆ ಬಾಲ ಇಲ್ಲದೆ ಕೂತಿತ್ತು. ಅದನ್ನು ನೋಡಿದಾಗೆಲ್ಲ ಸಿಟ್ಟು ಬರುತ್ತಿತ್ತು, ಅದಕ್ಕೆ ಬಟ್ಟೆ ಹೊದೆಸಿಟ್ಟೆ.

ಪಾರ್ಸೆಲ್ ಬಂತು. ಕ್ಯಾಲಿಪರ್ ಹಿಡಿದೇ ಬಿಚ್ಚಿದೆ. ಕೇಬಲ್ ಸರಿ, ಸ್ಟಬ್ ಸರಿ. ಸ್ಲೀವ್ ತೆಗೆದ ಸ್ಟ್ರಟ್ಟಿನಲ್ಲಿ ನಯವಾಗಿ ಜಾರಿತು. ಪ್ರೊಪೆಲ್ಲರ್ ಹಾಕಿದೆ, ಈ ಪಾರ್ಸೆಲ್ಲಿನ ಕವರಿನಲ್ಲಿದ್ದ ನಟ್ ಹಾಕಿದೆ. ನಟ್ ಬೆರಳಿನಲ್ಲೇ ಸರಸರ ಏರಿತು. ಬಿಗಿದ ಮೇಲೆ ಹಿಡಿದು ಅಲ್ಲಾಡಿಸಿದರೆ ಸಣ್ಣಗೆ ಟಿಕ್ ಟಿಕ್. ಇನ್ನೊಂದು ಚೂರು ಬಿಗಿಯೋಣ ಅಂದರೆ ಸ್ಪ್ಯಾನರ್ ಕೈಗೆ ಬೆಣ್ಣೆ ಸಿಕ್ಕಿದಂಥ ಅನುಭವ. ಅಲ್ಲೇ ನಿಲ್ಲಿಸಿ ಬಿಚ್ಚಿದೆ.

3/16 ಸ್ಟಬ್ಬಿನ ಥ್ರೆಡ್ 10-32. ಅಂದರೆ ಒಂದು ಇಂಚಿಗೆ 32 ಸುತ್ತು, ಸುತ್ತಿನಿಂದ ಸುತ್ತಿಗೆ 0.794 ಮಿ.ಮೀ. ಎಂ5 ನಟ್ಟಿನ ಸುತ್ತು 0.8 ಮಿ.ಮೀ. ಎರಡೂ ಎಷ್ಟು ಹತ್ತಿರ ಅಂದರೆ ನಟ್ ಎಲ್ಲೂ ತಡೆಯದೆ ಏರುತ್ತದೆ. ಆದರೆ ದಪ್ಪದಲ್ಲಿ 10-32 ಅಂದರೆ 4.83, ಎಂ5 ಅಂದರೆ 5. ಥ್ರೆಡ್ಡಿನ ತುದಿ ತುದಿ ಮಾತ್ರ ಹಿಡಿದುಕೊಂಡಿರುತ್ತದೆ. ಪಾರ್ಸೆಲ್ಲಿನ ಕವರಿನಲ್ಲಿ ಬಂದದ್ದು ಎಂ5 ನಟ್. ಬಿಗಿದಿದ್ದರೆ ಥ್ರೆಡ್ ಸವೆದು ಹೊಸ ಕೇಬಲ್ ಹಾಳು. ಈ ಇಡೀ ಬರಹದಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಸುಲಭವಾಗಿ ಏರಿದ ನಟ್ ಸರಿಯಾದ ನಟ್ ಅಂತಲ್ಲ. ಏರಿಸಿ, ಬಿಗಿಯುವ ಮೊದಲು ಅಡ್ಡಡ್ಡ ಅಲ್ಲಾಡಿಸಿ. ಅದೃಷ್ಟಕ್ಕೆ ಹಿಂದಿನ ಮಾಲೀಕರ ಹಳೆ ಕವರಿನಲ್ಲಿ ನೈಲಾನ್ ಉಂಗುರ ಇರುವ 10-32 ನಟ್ ಇತ್ತು.

ಅಲೆನ್ ಕೀ ಕೂಡ ಇದೇ ಜಾತಿ. ನನ್ನ 3/16 ಡಾಗಿನ ಗ್ರಬ್ ಸ್ಕ್ರೂಗೆ (ಡಾಗನ್ನು ಶಾಫ್ಟಿಗೆ ಬಿಗಿಯುವ, ತಲೆ ಇಲ್ಲದ ಸ್ಕ್ರೂ) ಬೇಕಾದ್ದು 3/32 ಇಂಚಿನ ಕೀ, ಅಂದರೆ 2.38 ಮಿ.ಮೀ. 2.5 ಕೀ ಒಳಗೆ ಹೋಗುವುದಿಲ್ಲ. 2 ಮಿ.ಮೀ. ಕೀ ಹೋಗಿ ಸುಮ್ನೆ ತಿರುಗಿ ಮೂಲೆಗಳನ್ನು ತಿಂದುಹಾಕುತ್ತದೆ. ಇಂಚಿನ ಕೀ ಸೆಟ್ ಒಂದು ತಗೊಳ್ಳಿ, ದೊಡ್ಡ ಖರ್ಚೇನಲ್ಲ.

ಮುಂದಿನ ತಡೆ ಟೆಫ್ಲಾನ್ ಕೊಳವೆ. ಹೊಸ ಕೇಬಲ್ ಜೊತೆ ಬಂದದ್ದು ಹೊರಗೆ 6.3 ಚಿಲ್ಲರೆ. ಅದಕ್ಕೆ ಬೇಕಾದ್ದು 9/32 ಇಂಚಿನ ಹಿತ್ತಾಳೆ ಟ್ಯೂಬ್, ಒಳಗೆ 6.43 ಇರುವಂಥದ್ದು. ನನ್ನ ಬೋಟಿನಲ್ಲಿ ಅಂಟಿಸಿರುವುದು 5.64. ಎಪಾಕ್ಸಿ ಕಿತ್ತು ಟ್ಯೂಬ್ ಬದಲಿಸುವುದು ಅಂದರೆ ಬೋಟಿನ ತಳವನ್ನೇ ಕೆದಕಬೇಕು. ಅದರ ಅಗತ್ಯವಿಲ್ಲ. 3/16 ಕೇಬಲ್ ಕಾಲಿಂಚಿನ ಬರೀ ಹಿತ್ತಾಳೆ ಟ್ಯೂಬಿನಲ್ಲಿ ಗ್ರೀಸ್ ಹಾಕಿ ಓಡಿಸುವುದು ಬಹಳ ಹಿಂದಿನಿಂದಲೂ ಇರುವ ಪದ್ಧತಿ. ಸದ್ದು ಸ್ವಲ್ಪ ಜಾಸ್ತಿ, ಗ್ರೀಸ್ ಸ್ವಲ್ಪ ಜಾಸ್ತಿ ಬೇಕು. ಕೊಳವೆಯನ್ನು ಪೆಟ್ಟಿಗೆಗೆ ಹಾಕಿದೆ.

ಕೇಬಲ್ ಕತ್ತರಿಸುವ ಮೊದಲು ಎರಡು ವಿಷಯ ನೋಡಬೇಕು. ಒಂದು, ಹೊಸೆತದ ದಿಕ್ಕು. ಪ್ರೊಪೆಲ್ಲರ್ ಕಡೆಯ ತುದಿ ಹಿಡಿದು, ಮೋಟರ್ ಕಡೆಯ ತುದಿಯನ್ನು ಮೋಟರ್ ತಿರುಗಿಸುವ ದಿಕ್ಕಿಗೆ ತಿರುಚಿ. ಕೇಬಲ್ ಬಿಗಿದು ಗಟ್ಟಿಯಾದರೆ ಸರಿ. ಹೊರಗಿನ ಎಳೆಗಳು ಬಿಚ್ಚಿ ಉಬ್ಬಿದರೆ ಅದು ನಿಮ್ಮ ಪ್ರೊಪೆಲ್ಲರ್ ದಿಕ್ಕಿನ ಕೇಬಲ್ ಅಲ್ಲ. ಬ್ರಶ್‌ಲೆಸ್ ಮೋಟರ್ ದಿಕ್ಕು ಬದಲಿಸುವುದು ಸುಲಭ, ಮೂರು ವೈರುಗಳಲ್ಲಿ ಯಾವುದಾದರೂ ಎರಡನ್ನು ಅದಲು ಬದಲು ಮಾಡಿದರೆ ಆಯಿತು. ಆದರೆ ಪ್ರೊಪೆಲ್ಲರ್ ಮತ್ತು ಕೇಬಲ್ ಒಂದೇ ದಿಕ್ಕಿನವು ಆಗಿರಲೇಬೇಕು.

ಎರಡು, ಉದ್ದ. ಲೋಡ್ ಬಿದ್ದಾಗ ಕೇಬಲ್ ಹೊಸೆದುಕೊಂಡು ಗಿಡ್ಡವಾಗುತ್ತದೆ. ಆಗ ಡಾಗ್ ಸ್ಟ್ರಟ್ಟಿನ ಕಡೆಗೆ ಸರಿಯುತ್ತದೆ. ನಡುವೆ ಜಾಗ ಬಿಡದಿದ್ದರೆ ಸ್ಟ್ರಟ್ಟಿಗೆ ಒತ್ತಿ ಉಜ್ಜುತ್ತದೆ, ಆಂಪ್ ಏರುತ್ತದೆ, ಮೋಟರ್ ಬಿಸಿಯಾಗುತ್ತದೆ. ನಾನು 4 ಮಿ.ಮೀ. ಬಿಟ್ಟೆ. ಕಪ್ಲರ್‌ನೊಳಗೆ ಹೋಗುವ ಉದ್ದ, ಈ ಜಾಗ, ಎರಡನ್ನೂ ಸೇರಿಸಿ ಗುರುತು ಹಾಕಿ, ಗುರುತಿನ ಮೇಲೆ ತೆಳು ಸೂಪರ್ ಗ್ಲೂ ಇಳಿಬಿಟ್ಟು ಒಣಗಿದ ಮೇಲೆ ಕಟಿಂಗ್ ಡಿಸ್ಕಿನಲ್ಲಿ ಕತ್ತರಿಸಿದೆ. ಪ್ಲೈಯರ್‌ನಲ್ಲಿ ಕತ್ತರಿಸಿದರೆ ತುದಿ ಚಪ್ಪಟೆಯಾಗಿ ಪೊರಕೆಯಂತೆ ಬಿಚ್ಚಿಕೊಳ್ಳುತ್ತದೆ, ಆಮೇಲೆ ಕೋಲೆಟ್‌ಗೆ ಹೋಗುವುದಿಲ್ಲ. ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ, ಡಿಸ್ಕ್ ಒಡೆದರೆ ಮುಖಕ್ಕೇ ಬರುತ್ತದೆ.

ಡಾಗಿನ ಗ್ರಬ್ ಸ್ಕ್ರೂ ಕೂರುವ ಕಡೆ ಸ್ಟಬ್ ಮೇಲೆ ಚಪ್ಪಟೆ ಜಾಗ ಉಜ್ಜಿ ಮಾಡಿ. ದುಂಡಗಿರುವ ಕಡೆಯೇ ಬಿಗಿದರೆ ಸ್ಕ್ರೂ ಅಲ್ಲಿ ಗಾಯ ಮಾಡಿ ಸಿಬಿರು ಎಬ್ಬಿಸುತ್ತದೆ. ಆಮೇಲೆ ಕೇಬಲ್ ಹೊರಗೆ ಎಳೆಯುವಾಗ ಆ ಸಿಬಿರು ಬುಶ್ಶನ್ನು ಗೀರಿಕೊಂಡೇ ಬರುತ್ತದೆ. ಚಪ್ಪಟೆ ಜಾಗ ಇದ್ದರೆ ಸಿಬಿರು ಎದ್ದರೂ ತಗ್ಗಿನಲ್ಲೇ ಉಳಿಯುತ್ತದೆ. ಗ್ರಬ್ ಸ್ಕ್ರೂಗೆ ಲಾಕ್‌ಟೈಟ್ 243, ಅಂದರೆ ಥ್ರೆಡ್ ಸಡಿಲವಾಗದಂತೆ ಹಿಡಿಯುವ ಅಂಟು, ಒಂದು ಹನಿ ಹಾಕಿದೆ. ನಿಮ್ಮ ಬೋಟ್ ಎಬಿಎಸ್ ಪ್ಲಾಸ್ಟಿಕ್ ಆದರೆ ಅದು ಬಾಡಿಗೆ ತಾಗದಂತೆ ನೋಡಿಕೊಳ್ಳಿ, ಪ್ಲಾಸ್ಟಿಕ್ ಬಿರಿಯುತ್ತದೆ. ನೈಲಾನ್ ನಟ್ಟಿಗೂ ಬೇಡ, ಕೋಲೆಟ್‌ಗೂ ಬೇಡ.

ಮೋಟರ್ ಮತ್ತು ಟ್ಯೂಬ್ ಒಂದೇ ಗೆರೆಯಲ್ಲಿ ಇರುವಂತೆ ಮಾಡುವುದಕ್ಕೆ ಕಣ್ಣಳತೆ ಸಾಲದು. ಮೋಟರ್ ಮೌಂಟಿನ ಬೋಲ್ಟುಗಳನ್ನು ಸಡಿಲ ಬಿಟ್ಟು, ಕಪ್ಲರ್ ಪೂರ್ತಿ ಬಿಗಿದು, ಕೈಯಲ್ಲಿ ಶಾಫ್ಟ್ ತಿರುಗಿಸುತ್ತಾ ಮೋಟರ್ ತನ್ನ ಜಾಗ ತಾನೇ ಹುಡುಕಿಕೊಳ್ಳಲಿ. ಆಮೇಲೆ ಬೋಲ್ಟುಗಳನ್ನು ಒಂದೊಂದಾಗಿ ಸ್ವಲ್ಪ ಸ್ವಲ್ಪ ಬಿಗಿಯಿರಿ. ಪ್ರತಿ ಸಲ ತಿರುಗಿಸಿ ನೋಡಿ. ನನ್ನದರಲ್ಲಿ ಒಂದು ಬೋಲ್ಟ್ ಬಿಗಿದ ತಕ್ಷಣ ಶಾಫ್ಟ್ ಭಾರವಾಗುತ್ತಿತ್ತು, ಅಲ್ಲಿ ಮೌಂಟಿನ ಕೆಳಗೆ ತೆಳು ವಾಷರ್ ಕೊಟ್ಟ ಮೇಲೆ ಸರಿಹೋಯಿತು.

ಮೇಜಿನ ಮೇಲೆ ಪೂರ್ತಿ ಥ್ರಾಟಲ್ ಬೇಡ. ನೀರಿನ ಲೋಡ್ ಇಲ್ಲದೆ ಕೇಬಲ್ ಟ್ಯೂಬಿನೊಳಗೆ ಬಡಿದಾಡುತ್ತದೆ, ಬುಶ್ ಒಣಗಿ ಸುಡುತ್ತದೆ. ಪ್ರೊಪೆಲ್ಲರ್ ತೆಗೆದು, ದಿಕ್ಕು ಸರಿಯಿದೆಯಾ ಅಂತ ಒಂದೆರಡು ಕ್ಷಣ ನೋಡಿದರೆ ಸಾಕು. ಪ್ರೊಪೆಲ್ಲರ್ ಅಂಚು ಬ್ಲೇಡಿನಷ್ಟೇ ಚೂಪು, ಬ್ಯಾಟರಿ ಹಾಕಿದ ಮೇಲೆ ಅದರ ಹತ್ತಿರ ಕೈ ಒಯ್ಯಬೇಡಿ.

ನೀರಿಗೆ ಬಿಟ್ಟಾಗ ಮತ್ತೆ ಮಾರ್ಕರ್ ಗೆರೆ ಎಳೆದುಕೊಂಡೇ ಹೋಗಿದ್ದೆ. ಮೊದಲು ನಿಧಾನ, ಆಮೇಲೆ ಅರ್ಧ, ಆಮೇಲೆ ಪೂರ್ತಿ. ಬೋಟ್ ಮೂಗೆತ್ತಿ ಹೋಯಿತು. ತಿರುಗಿಸಿ ತಂದು ದಡದಲ್ಲಿ ಮುಚ್ಚಳ ತೆಗೆದೆ. ಗೆರೆ ಒಂದೇ ಗೆರೆಯಾಗಿ ಇತ್ತು. ಕಪ್ಲರ್ ಬೆಚ್ಚಗೆ, ಸ್ಟ್ರಟ್ ತಣ್ಣಗೆ. ಡಾಗ್ ಮತ್ತು ಸ್ಟ್ರಟ್ ನಡುವೆ ಉಜ್ಜಿದ ಗುರುತಿಲ್ಲ. ಗೆಳೆಯನಿಗೆ ಫೋಟೊ ಕಳಿಸಿದೆ. “ಇನ್ನು ಗ್ರೀಸ್ ಮರೀಬೇಡ” ಅಂತಷ್ಟೇ ಉತ್ತರ ಬಂತು.

ಅವನು ಹೇಳಿದ್ದು ಸರಿ. ಟ್ಯೂಬಿನೊಳಗೆ ನೀರು ಹೋಗಿಯೇ ಹೋಗುತ್ತದೆ, ಕೇಬಲ್ ತುಕ್ಕು ಹಿಡಿಯುವುದಕ್ಕೆ ಒಂದು ರಾತ್ರಿ ಸಾಕು. ಓಡಿಸಿದ ದಿನವೇ ಕೋಲೆಟ್ ಸಡಿಲಿಸಿ ಕೇಬಲ್ ಹಿಂದಕ್ಕೆ ಎಳೆದು, ಒರೆಸಿ, ನೀರು ತಡೆಯುವ ಗ್ರೀಸ್ ಬಳಿದು ವಾಪಸು ಹಾಕುತ್ತೇನೆ. ಹಾಕುವಾಗ ಮುರಿದ ಎಳೆ ಸಿಕ್ಕಿಕೊಳ್ಳುತ್ತದಾ ಅಂತ ಬಟ್ಟೆ ಸವರಿ ನೋಡುತ್ತೇನೆ. ಒಂದು ಎಳೆ ಮುರಿದಿದ್ದರೂ ಆ ಕೇಬಲ್ ಮತ್ತೆ ನೀರಿಗೆ ಹೋಗಬಾರದು. ಪ್ರತಿ ಸಲ 4 ಮಿ.ಮೀ. ಜಾಗ ಅಳೆಯುವ ರಗಳೆ ಬೇಡ ಅಂತ ಹಳೆ ಕೇಬಲ್ಲಿನ ಒಂದು ತುಂಡನ್ನೇ ಅಳತೆಗೆ ಇಟ್ಟುಕೊಂಡಿದ್ದೇನೆ. ಅದು ಸರಿಯಾಗಿ 4 ಮಿ.ಮೀ. ದಪ್ಪ. ಡಾಗ್ ಮತ್ತು ಸ್ಟ್ರಟ್ ನಡುವೆ ಅದನ್ನು ಅಡ್ಡ ಇಟ್ಟು ಕೋಲೆಟ್ ಬಿಗಿದರೆ ಆಯಿತು.